ಫೋಲ್ಡರ್ ಕಾಪಿ ಆಯಿತು ಅನ್ನುವ ಮುಂಚೆ

ಕೊಡಗಿನಲ್ಲಿ ಹಳೆಯ ಕಾಗದ, ಹಳೆಯ ಫೋಟೋ ಉಳಿಸಿಕೊಳ್ಳುವುದು ಸುಲಭವಲ್ಲ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಅಟ್ಟದ ಮೇಲಿನ ಟ್ರಂಕಿನೊಳಗೂ ತೇವ ಹೋಗುತ್ತದೆ. ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಗೆ ಫೋಟೋ ಅಂಟಿಕೊಂಡಿರುತ್ತದೆ, ಬಿಡಿಸಲು ಹೋದರೆ ಮುಖವೇ ಕಿತ್ತು ಬರುತ್ತದೆ. ತೋಟದ ಲೆಕ್ಕದ ಪುಸ್ತಕಕ್ಕೆ ಬೂಷ್ಟು, ತಲೆಮಾರುಗಳಿಂದ ಬಂದ ಜಮ್ಮಾ ಜಾಗದ ಕಾಗದಕ್ಕೆ ಗೆದ್ದಲು. ಹಾಗಾಗಿ ಇದನ್ನೆಲ್ಲ ಸ್ಕ್ಯಾನ್ ಮಾಡಿಡುವ ಕೆಲಸಕ್ಕೆ ಕೈ ಹಾಕಿದೆ. ಮೊದಲು ನಮ್ಮ ಮನೆಯದು, ಆಮೇಲೆ ದೊಡ್ಡಪ್ಪನ ಮನೆಯದು, ಆಮೇಲೆ ನೆಂಟರದ್ದು, ಅಕ್ಕಪಕ್ಕದವರದ್ದು.

ಸ್ಕ್ಯಾನ್ ಮುಗಿದ ಮೇಲೆ ಎಲ್ಲರಿಗೂ ಒಂದು ನೆಮ್ಮದಿ. ‘ಇನ್ನು ಕಂಪ್ಯೂಟರಲ್ಲಿ ಇದೆಯಲ್ಲ, ಏನೂ ಆಗಲ್ಲ ಬಿಡು’ ಅನ್ನುತ್ತಾರೆ. ನನಗೆ ಅಲ್ಲಿಂದಲೇ ಯೋಚನೆ ಶುರುವಾಗುತ್ತದೆ. ಕಂಪ್ಯೂಟರಲ್ಲಿ ಇದೆ ಅಂದರೆ ಇನ್ನೂ ಒಂದೇ ಕಡೆ ಇದೆ ಅಂತ ಅರ್ಥ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡ ಜರಿದಾಗ ಮನೆಗೆ ಮನೆಯೇ ಹೋಯಿತು. ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದವರಿದ್ದರು. ಆಧಾರ್ ಕಾರ್ಡ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಇವಕ್ಕೆಲ್ಲ ಕಚೇರಿಗೆ ಅಲೆದಾದರೂ ಇನ್ನೊಂದು ಪ್ರತಿ ತರಬಹುದು. ಅಜ್ಜಿಯ ಮದುವೆಯ ಒಂದೇ ಒಂದು ಫೋಟೋ ಹೋದರೆ ಯಾರ ಹತ್ತಿರ ಕೇಳುವುದು? ಆ ಮನೆಯ ಕಂಪ್ಯೂಟರ್ ಕೂಡ ಆ ಮಣ್ಣಿನಡಿಯೇ ಇರುತ್ತದೆ, ಅಲ್ವಾ?

ಆದ್ದರಿಂದ ಈ ಬರಹ ಸ್ಕ್ಯಾನಿಂಗ್ ಬಗ್ಗೆ ಅಲ್ಲ. ಆಮೇಲಿನ ಕೆಲಸದ ಬಗ್ಗೆ. ಒಂದು ಫೋಲ್ಡರನ್ನು, ಅದರೊಳಗಿನ ಫೋಲ್ಡರ್‌ಗಳನ್ನು, ಅವುಗಳೊಳಗಿನ ಒಂದೊಂದು ಫೈಲನ್ನೂ ಇನ್ನೊಂದು ಕಡೆಗೆ ಸರಿಯಾಗಿ ಕಾಪಿ ಮಾಡುವುದು. ನಾನು ಇದಕ್ಕೆ ಪೈಥಾನ್ ಬಳಸುತ್ತೇನೆ. ಪೈಥಾನ್ 1991ರಲ್ಲಿ ಮೊದಲು ಹೊರಬಂದ, ಪ್ರೋಗ್ರಾಂ ಬರೆಯುವ ಭಾಷೆ, ಮಾಡಿದವರು ಗೀಡೋ ವಾನ್ ರಾಸಮ್. ಪುಕ್ಕಟೆ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವ ಕಂಪ್ಯೂಟರಲ್ಲೂ ಓಡುತ್ತದೆ.

ಮೌಸಿನಲ್ಲಿ ಎಳೆದು ಬಿಟ್ಟರೆ ಆಗುವ ಕೆಲಸಕ್ಕೆ ಸ್ಕ್ರಿಪ್ಟ್, ಅಂದರೆ ಬರೆದಿಟ್ಟ ಪುಟ್ಟ ಪ್ರೋಗ್ರಾಂ, ಯಾಕೆ ಅಂತ ತುಂಬ ಜನ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಎಳೆದು ಬಿಟ್ಟರೆ ಕಾಪಿ ಆಗುವುದು ನಿಜ. ಆದರೆ ಕಾಪಿ ಅನ್ನುವ ಆ ಒಂದು ಮಾತಿನೊಳಗೆ ಹಲವು ತೀರ್ಮಾನಗಳಿವೆ. ಆ ಕಡೆ ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಏನು ಮಾಡಬೇಕು? ಫೈಲಿನ ತಾರೀಕು ಹಳೆಯದೇ ಇರಬೇಕಾ, ಇವತ್ತಿನದು ಆಗಬೇಕಾ? ಒಂದು ಫೈಲು ಓದಲು ಬರಲಿಲ್ಲ ಅಂದರೆ ಅಲ್ಲೇ ನಿಲ್ಲಬೇಕಾ, ಅದನ್ನು ಬಿಟ್ಟು ಮುಂದೆ ಹೋಗಬೇಕಾ? ನಡುವೆ ಕರೆಂಟ್ ಹೋದರೆ? ಮೌಸಿನಲ್ಲಿ ಎಳೆದಾಗ ಇವಕ್ಕೆ ಬೇರೆ ಯಾರೋ ಉತ್ತರ ಕೊಟ್ಟಿರುತ್ತಾರೆ. ಏನು ಉತ್ತರ ಅಂತ ನಮಗೆ ಗೊತ್ತಿರುವುದಿಲ್ಲ. ಸ್ಕ್ರಿಪ್ಟ್ ಬರೆಯುವಾಗ ಒಂದೊಂದಕ್ಕೂ ನಾವೇ ಬಾಯಿಬಿಟ್ಟು ಹೇಳಬೇಕು. ಬೇರೆಯವರ ಮನೆಯ ನೆನಪುಗಳನ್ನು ಕೈಯಲ್ಲಿ ಹಿಡಿದಿರುವಾಗ ಹಾಗೆ ಹೇಳುವುದು ನನ್ನ ಜವಾಬ್ದಾರಿ ಅಂದುಕೊಂಡಿದ್ದೇನೆ.

ಪೈಥಾನ್‌ನಲ್ಲಿ ‘ಶುಟಿಲ್’ ಅನ್ನುವ ಒಂದು ಮಾಡ್ಯೂಲ್, ಅಂದರೆ ಸಿದ್ಧ ಕೋಡಿನ ಒಂದು ಕಟ್ಟು, ಜೊತೆಯಲ್ಲೇ ಬರುತ್ತದೆ. ಅದರೊಳಗೆ ‘ಕಾಪಿಟ್ರೀ’ ಅನ್ನುವ ಫಂಕ್ಷನ್ ಇದೆ. ಫಂಕ್ಷನ್ ಅಂದರೆ ಹೆಸರು ಹೇಳಿ ಕರೆದರೆ ಒಂದು ಕೆಲಸ ಮಾಡಿಕೊಡುವ ಕೋಡ್. ಎಲ್ಲಿಂದ, ಎಲ್ಲಿಗೆ ಅಂತ ಎರಡು ದಾರಿ ಕೊಟ್ಟರೆ ಸಾಕು. ಬೇರಿನಿಂದ ತುದಿ ತನಕ ಇಡೀ ಫೋಲ್ಡರ್ ಆ ಕಡೆ ತಯಾರಾಗುತ್ತದೆ. ಒಂದೇ ಸಾಲು.

ಆದರೆ ಆ ಕಡೆ ಅದೇ ಹೆಸರಿನ ಫೋಲ್ಡರ್ ಮೊದಲೇ ಇದ್ದರೆ ಕಾಪಿಟ್ರೀ ಕೆಲಸವನ್ನೇ ಶುರು ಮಾಡುವುದಿಲ್ಲ. ‘ಇದು ಆಗಲೇ ಇದೆ’ ಅಂತ ಹೇಳಿ ನಿಂತುಬಿಡುತ್ತದೆ. ಹೊಸಬರಿಗೆ ಇದು ಕಿರಿಕಿರಿ. ನನಗೆ ಇಷ್ಟವಾದ ಗುಣ. ಅಲ್ಲಿ ಏನೋ ಇದೆ, ನಿನಗೆ ಗೊತ್ತಿದೆಯಾ ಅಂತ ಅದು ಕೇಳುತ್ತಿದೆ. ಗೊತ್ತಿದೆ, ಅದರೊಳಗೇ ಸೇರಿಸು ಅಂತ ಹೇಳುವ ದಾರಿ ಬಂದದ್ದು 2019ರ ಪೈಥಾನ್ 3.8ರಲ್ಲಿ. ‘ಡರ್ಸ್ ಎಕ್ಸಿಸ್ಟ್ ಓಕೆ’ ಅನ್ನುವ ಆಯ್ಕೆಗೆ ‘ಟ್ರೂ’ ಅಂತ ಬರೆಯಬೇಕು. ಅದಕ್ಕೂ ಮುಂಚೆ ಜನ ಇದಕ್ಕಾಗಿ ತಾವೇ ಉದ್ದುದ್ದ ಕೋಡ್ ಬರೆಯುತ್ತಿದ್ದರು.

ಇದೇ ಪ್ರಶ್ನೆಗೆ ಬೇರೆ ಸಾಧನಗಳು ಬೇರೆ ಉತ್ತರ ಕೊಡುತ್ತವೆ. ಆಜ್ಞೆ ಬರೆದು ಕೆಲಸ ಮಾಡಿಸುವ ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ‘ಕಾಪಿ ಐಟಂ’ ಅನ್ನುವ ಆಜ್ಞೆ ಇದೆ. ಆ ಕಡೆ ‘ಹುತ್ತರಿ’ ಅನ್ನುವ ಫೋಲ್ಡರ್ ಇಲ್ಲದಿದ್ದರೆ ಹೊಸದಾಗಿ ಮಾಡುತ್ತದೆ. ಇದ್ದರೆ ಅದರೊಳಗೆ ಇನ್ನೊಂದು ‘ಹುತ್ತರಿ’ ಮಾಡಿ ಅಲ್ಲಿ ತುಂಬುತ್ತದೆ. ಅಂದರೆ ಒಂದೇ ಆಜ್ಞೆಗೆ ಮೊದಲ ಸಲ ಒಂದು ಫಲ, ಎರಡನೇ ಸಲ ಇನ್ನೊಂದು. ಆರ್‌ಸಿಂಕ್ ಅನ್ನುವ ಇನ್ನೊಂದು ಕಾಪಿ ಸಾಧನದಲ್ಲಿ ಮೂಲದ ದಾರಿಯ ಕೊನೆಗೆ ಓರೆ ಗೆರೆ ಹಾಕಿದರೆ ಫೋಲ್ಡರಿನ ಒಳಗಿನದ್ದು ಮಾತ್ರ ಹೋಗುತ್ತದೆ, ಹಾಕದಿದ್ದರೆ ಫೋಲ್ಡರೇ ಹೋಗುತ್ತದೆ. ಒಂದು ಗೆರೆಯಲ್ಲಿ ಅಷ್ಟು ವ್ಯತ್ಯಾಸ. ಯಾವ ಸಾಧನ ಬಳಸಿದರೂ ಎರಡು ಫೈಲ್ ಇರುವ ಒಂದು ಸಣ್ಣ ಫೋಲ್ಡರ್ ಮಾಡಿಕೊಂಡು, ಒಂದೇ ಆಜ್ಞೆಯನ್ನು ಎರಡು ಸಲ ಓಡಿಸಿ ನೋಡಿ. ಎರಡನೇ ಸಲ ಏನಾಗುತ್ತದೆ ಅನ್ನುವುದೇ ಮುಖ್ಯ.

ತಾರೀಕಿನ ವಿಷಯ ಬೇಗ ಹೇಳಿಬಿಡುತ್ತೇನೆ. ಶುಟಿಲ್‌ನಲ್ಲಿ ಒಂದು ಫೈಲನ್ನು ಕಾಪಿ ಮಾಡಲು ಮೂರು ಫಂಕ್ಷನ್‌ಗಳಿವೆ. ‘ಕಾಪಿಫೈಲ್’ ಒಳಗಿನದ್ದನ್ನು ಮಾತ್ರ ಒಯ್ಯುತ್ತದೆ. ‘ಕಾಪಿ’ ಅದರ ಜೊತೆ ಯಾರು ಓದಬಹುದು, ಬರೆಯಬಹುದು ಅನ್ನುವ ಅನುಮತಿಯನ್ನೂ ಒಯ್ಯುತ್ತದೆ. ‘ಕಾಪಿ2’ ಫೈಲು ಕೊನೆಯ ಸಲ ಬದಲಾದ ಸಮಯವನ್ನೂ ಉಳಿಸುತ್ತದೆ. ಕಾಪಿಟ್ರೀ ಬಳಸುವುದು ಈ ಕಾಪಿ2ನ್ನೇ, ಅದು ಒಳ್ಳೆಯದು. ಡಿಜಿಟಲ್ ಕ್ಯಾಮೆರಾದ ಫೋಟೋಗೆ ತೆಗೆದ ದಿನ ಫೈಲಿನೊಳಗೇ ಬರೆದಿರುತ್ತದೆ. ಅಜ್ಜನ ಲೆಕ್ಕದ ಪುಸ್ತಕದ ಸ್ಕ್ಯಾನ್‌ಗೆ ಸಾಮಾನ್ಯವಾಗಿ ಅಂಥದ್ದೇನೂ ಇರುವುದಿಲ್ಲ. ಯಾವ ಪುಟವನ್ನು ಯಾವಾಗ ಸ್ಕ್ಯಾನ್ ಮಾಡಿದ್ದು ಅನ್ನುವುದಕ್ಕೆ ಎಷ್ಟೋ ಸಲ ಫೈಲಿನ ತಾರೀಕೊಂದೇ ಸಾಕ್ಷಿ. ಆದರೂ ಕಾಪಿ2 ಎಲ್ಲವನ್ನೂ ಉಳಿಸುವುದಿಲ್ಲ. ಲಿನಕ್ಸ್‌ನಲ್ಲಿ ಫೈಲಿನ ಒಡೆಯ ಯಾರು ಅನ್ನುವುದು ಹೋಗುತ್ತದೆ. ಇದನ್ನು ಪೈಥಾನ್‌ನ ಕೈಪಿಡಿಯೇ ಎಚ್ಚರಿಕೆ ಕೊಟ್ಟು ಹೇಳುತ್ತದೆ. ಮನೆಯ ಫೋಟೋಗಳಿಗೆ ಅದರಿಂದ ತೊಂದರೆ ಇಲ್ಲ.

ಅಂದ ಹಾಗೆ, ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದರೆ ಅದು ಕಾಪಿ ಆದ ಹಾಗಲ್ಲ. ಅದು ಫೋಟೋವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಹೆಸರು ಬದಲಿಸುತ್ತದೆ, ಒಳಗಿದ್ದ ತಾರೀಕನ್ನೂ ಉಳಿಸುವುದಿಲ್ಲ. ದಯವಿಟ್ಟು ಅದನ್ನು ನಂಬಿ ಮೂಲ ಫೈಲನ್ನು ಅಳಿಸಬೇಡಿ.

ಇನ್ನು ಕರೆಂಟ್. ನಮ್ಮ ಕಡೆ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಹೇಳಲು ಆಗುವುದಿಲ್ಲ. ಯುಪಿಎಸ್ ಸ್ವಲ್ಪ ಹೊತ್ತು ಕಾಯುತ್ತದೆ, ಅಷ್ಟೆ. ಒಂದು ದೊಡ್ಡ ವಿಡಿಯೋ ಕಾಪಿ ಆಗುತ್ತಿರುವಾಗಲೇ ಮಷೀನ್ ಆರಿತು ಅಂದುಕೊಳ್ಳಿ. ಆ ಕಡೆ ಡಿಸ್ಕ್‌ನಲ್ಲಿ ಏನು ಉಳಿಯುತ್ತದೆ? ಅದೇ ಹೆಸರಿನ ಒಂದು ಅರ್ಧ ಫೈಲು. ಫೋಲ್ಡರ್ ತೆರೆದು ನೋಡಿದರೆ ಹೆಸರು ಕಾಣುತ್ತದೆ, ಎಲ್ಲ ಇದೆ ಅಂತ ಅನ್ನಿಸುತ್ತದೆ. ಹೆಸರು ಇದೆಯಾ ಅಂತ ಮಾತ್ರ ನೋಡಿ, ಇದ್ದರೆ ಬಿಟ್ಟು ಮುಂದೆ ಹೋಗುವ ಸ್ಕ್ರಿಪ್ಟ್ ಬರೆದಿದ್ದರೆ ಕತೆ ಮುಗಿಯಿತು. ಆ ಅರ್ಧ ಫೈಲು ಹಾಗೇ ವರ್ಷಗಟ್ಟಲೆ ಕೂತಿರುತ್ತದೆ.

ಆರ್‌ಸಿಂಕ್‌ನವರು ಇದನ್ನು ಚೆನ್ನಾಗಿ ಯೋಚಿಸಿದ್ದಾರೆ. 1996ರಲ್ಲಿ ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಹೊರತಂದ ಸಾಧನ ಅದು. ಅದು ಫೈಲನ್ನು ಮೊದಲು ಬೇರೆ ಒಂದು ತಾತ್ಕಾಲಿಕ ಹೆಸರಿನಲ್ಲಿ ಬರೆಯುತ್ತದೆ. ಪೂರ್ತಿ ಬಂದ ಮೇಲೆ ಮಾತ್ರ ನಿಜವಾದ ಹೆಸರು ಕೊಡುತ್ತದೆ. ಅಂದರೆ ನಿಜವಾದ ಹೆಸರಿನಲ್ಲಿ ಅರ್ಧ ಫೈಲು ಇರುವುದೇ ಇಲ್ಲ. ಈ ಉಪಾಯವನ್ನು ನಾನು ಪೈಥಾನ್‌ಗೆ ತಂದುಕೊಂಡೆ. ಕಾಪಿಟ್ರೀಗೆ ‘ಕಾಪಿ ಫಂಕ್ಷನ್’ ಅನ್ನುವ ಒಂದು ಆಯ್ಕೆ ಇದೆ. ಒಂದೊಂದು ಫೈಲನ್ನು ಹೇಗೆ ಒಯ್ಯಬೇಕು ಅಂತ ನಮ್ಮದೇ ಫಂಕ್ಷನ್ ಕೊಡಬಹುದು. ಜಾಸ್ತಿ ಜನ ಇದನ್ನು ಮುಟ್ಟುವುದಿಲ್ಲ. ನನ್ನ ಮಟ್ಟಿಗೆ ಇಡೀ ಕಾಪಿಟ್ರೀಯಲ್ಲಿ ಇದೇ ಎಲ್ಲಕ್ಕಿಂತ ಬೆಲೆಬಾಳುವ ಜಾಗ.

ನನ್ನ ಫಂಕ್ಷನ್ ಮಾಡುವುದು ಇಷ್ಟು. ಆ ಕಡೆ ಅದೇ ಹೆಸರಿನ ಫೈಲು ಇದೆಯಾ ನೋಡುತ್ತದೆ. ಇದ್ದು, ಗಾತ್ರವೂ ಬದಲಾದ ಸಮಯವೂ ಹೊಂದಿದರೆ ಸುಮ್ನೆ ವಾಪಸ್ ಬರುತ್ತದೆ. ಇಲ್ಲದಿದ್ದರೆ ಹೆಸರಿನ ಕೊನೆಗೆ ‘ಅರ್ಧ’ ಅಂತ ಸೇರಿಸಿ, ಆ ಹೆಸರಿನಲ್ಲಿ ಕಾಪಿ2 ಮಾಡುತ್ತದೆ. ಮೂಲವನ್ನೂ ಕಾಪಿಯನ್ನೂ ಓದಿ ಎರಡೂ ಒಂದೇನಾ ಅಂತ ತಾಳೆ ನೋಡುತ್ತದೆ. ಸರಿ ಇದ್ದರೆ ‘ಓಎಸ್ ರಿಪ್ಲೇಸ್’ ಬಳಸಿ ನಿಜವಾದ ಹೆಸರು ಕೊಡುತ್ತದೆ. ‘ಡರ್ಸ್ ಎಕ್ಸಿಸ್ಟ್ ಓಕೆ’ಗೆ ‘ಟ್ರೂ’ ಅಂತ ಬರೆದಿದ್ದರೆ, ಕರೆಂಟ್ ಹೋಗಿ ಬಂದ ಮೇಲೆ ಅದೇ ಸ್ಕ್ರಿಪ್ಟನ್ನು ಮತ್ತೆ ಓಡಿಸಿದರೆ ಆಯಿತು. ಮುಗಿದ ಫೈಲುಗಳನ್ನು ದಾಟಿಕೊಂಡು, ನಿಂತಲ್ಲಿಂದ ಮುಂದುವರಿಯುತ್ತದೆ. ‘ಅರ್ಧ’ ಅಂತ ಹೆಸರಿರುವುದು ಎಲ್ಲಾದರೂ ಉಳಿದಿದ್ದರೆ ನಿಲ್ಲಿಸಿದ್ದು ಎಲ್ಲಿ ಅಂತ ಕಣ್ಣಿಗೆ ಕಾಣುತ್ತದೆ.

ಸಮಯ ಹೋಲಿಸುವಾಗ ಒಂದು ಎಚ್ಚರ ಬೇಕು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ, ಫೈಲುಗಳನ್ನು ಜೋಡಿಸಿಡುವ ಹಳೆಯ ಪದ್ಧತಿಯದ್ದಾಗಿದ್ದರೆ ಅದು ಬದಲಾದ ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ. ಮೂಲದಲ್ಲಿ 7 ಸೆಕೆಂಡ್ ಇದ್ದದ್ದು ಅಲ್ಲಿ ಹಾಗೇ ಉಳಿಯುವುದಿಲ್ಲ. ಅಷ್ಟು ಸಣ್ಣ ವ್ಯತ್ಯಾಸವನ್ನು ಒಪ್ಪಿಕೊಳ್ಳಿ ಅಂತ ಸ್ಕ್ರಿಪ್ಟಿಗೆ ಹೇಳದಿದ್ದರೆ ಪ್ರತಿ ಸಲವೂ ಎಲ್ಲವನ್ನೂ ಹೊಸದಾಗಿ ಕಾಪಿ ಮಾಡುತ್ತಾ ಕೂರುತ್ತದೆ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲು ಹಿಡಿಸುವುದೂ ಇಲ್ಲ. ಮದುವೆ ವಿಡಿಯೋಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಒಂದು ಫೈಲು ಕೈಕೊಟ್ಟರೆ? ಹಳೆಯ ಸಿಡಿಗಳಲ್ಲಿ ಇದು ಮಾಮೂಲಿ. ಕಾಪಿಟ್ರೀ ಅದಕ್ಕಾಗಿ ಪೂರ್ತಿ ನಿಲ್ಲುವುದಿಲ್ಲ. ಉಳಿದದ್ದನ್ನೆಲ್ಲ ಒಯ್ದು, ಕೊನೆಯಲ್ಲಿ ಒಂದು ಪಟ್ಟಿ ಕೊಡುತ್ತದೆ. ಎಲ್ಲಿಂದ, ಎಲ್ಲಿಗೆ, ಯಾಕೆ ಆಗಲಿಲ್ಲ ಅಂತ ಒಂದೊಂದಕ್ಕೂ ಮೂರು ಮಾತು. ಈ ಪಟ್ಟಿ ಚಿನ್ನದಂಥ ಮಾಹಿತಿ. ನಮ್ಮದೇ ಫಂಕ್ಷನ್ ಕೊಟ್ಟಾಗ, ತಾಳೆ ಆಗದಿದ್ದರೆ ‘ಓಎಸ್ ಎರರ್’ ಎಬ್ಬಿಸಬೇಕು. ಆಗ ಅದೂ ಇದೇ ಪಟ್ಟಿಗೆ ಸೇರುತ್ತದೆ. ಬೇರೆ ಬಗೆಯ ಎರರ್ ಎಬ್ಬಿಸಿದರೆ ಇಡೀ ಕೆಲಸ ಅಲ್ಲೇ ನಿಲ್ಲುತ್ತದೆ. ಕೆಲವರು ಎರರ್ ಬಂದರೆ ಕಣ್ಣು ಮುಚ್ಚಿಕೊಂಡು ಮುಂದೆ ಹೋಗು ಅಂತ ಬರೆದುಬಿಡುತ್ತಾರೆ. ಆಗ ಸ್ಕ್ರೀನ್ ಮೇಲೆ ಗಲಾಟೆ ಇರುವುದಿಲ್ಲ ನಿಜ, ಯಾವ ಫೋಟೋ ಹೋಯಿತು ಅಂತಲೂ ಗೊತ್ತಾಗುವುದಿಲ್ಲ. ಅದನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

ತಾಳೆ ನೋಡುವುದು ಅಂದೆ. ಕಾಫಿ ಮೂಟೆಯನ್ನು ಲಾರಿಗೆ ಹಾಕುವಾಗ ಎಣಿಸುತ್ತಾರೆ, ಇಳಿಸುವಾಗ ಮತ್ತೆ ಎಣಿಸುತ್ತಾರೆ. ಅಷ್ಟನ್ನಾದರೂ ಮಾಡಬೇಕು. ಎಷ್ಟು ಫೋಲ್ಡರ್, ಎಷ್ಟು ಫೈಲು, ಒಟ್ಟು ಎಷ್ಟು ಬೈಟ್, ಎರಡೂ ಕಡೆ. ಆದರೆ ಲೆಕ್ಕ ಹೊಂದಿದರೂ ಒಳಗೆ ಒಂದು ಬೈಟ್ ಕೆಟ್ಟಿರಬಹುದು. ಅದಕ್ಕೆ ‘ಶಾ256’ ಇದೆ. ಫೈಲು ಎಷ್ಟೇ ದೊಡ್ಡದಿರಲಿ, ಅದನ್ನು ಪೂರ್ತಿ ಓದಿ 64 ಅಕ್ಷರ-ಅಂಕಿಗಳ ಒಂದು ಗುರುತು ಕೊಡುತ್ತದೆ. ಒಳಗೆ ಒಂದು ಬಿಟ್ ಬದಲಾದರೂ ಗುರುತು ಬೇರೆಯೇ ಆಗುತ್ತದೆ. ಪೈಥಾನ್‌ನ ‘ಹ್ಯಾಶ್‌ಲಿಬ್’ನಲ್ಲಿ ಇದು ಸಿಗುತ್ತದೆ. ‘ಫೈಲ್‌ಸಿಎಂಪಿ’ ಅನ್ನುವ ಇನ್ನೊಂದು ಮಾಡ್ಯೂಲ್ ಕೂಡ ಎರಡು ಫೈಲು ಹೋಲಿಸುತ್ತದೆ. ಆದರೆ ನಾವು ಬೇರೆ ಹೇಳದಿದ್ದರೆ, ಗಾತ್ರ ಮತ್ತು ಸಮಯ ಹೊಂದಿದರೆ ಸಾಕು, ಎರಡೂ ಒಂದೇ ಅಂದುಬಿಡುತ್ತದೆ. ಒಳಗೆ ಓದುವುದೇ ಇಲ್ಲ. ‘ಶ್ಯಾಲೋ’ ಅನ್ನುವ ಆಯ್ಕೆಗೆ ‘ಫಾಲ್ಸ್’ ಅಂತ ಬರೆದರೆ ಮಾತ್ರ ಓದಿ ನೋಡುತ್ತದೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಕಾಪಿ ಮುಗಿದ ತಕ್ಷಣ ಆ ಕಡೆಯ ಫೈಲನ್ನು ಓದಿದರೆ ಅದು ಡಿಸ್ಕ್‌ನಿಂದ ಬರುತ್ತಿದೆ ಅಂತ ಹೇಳಲಾಗದು. ಈಗಷ್ಟೇ ಬರೆದದ್ದನ್ನು ಕಂಪ್ಯೂಟರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಅಲ್ಲಿಂದಲೇ ಓದಿ ಕೊಡಬಹುದು. ಡಿಸ್ಕ್ ಮೇಲೆ ನಿಜವಾಗಿ ಏನು ಕೂತಿದೆ ಅನ್ನುವುದು ಗೊತ್ತಾಗುವುದಿಲ್ಲ. ಆದ್ದರಿಂದ ಕಾಪಿ ಮಾಡುವಾಗಿನ ತಾಳೆಯ ಜೊತೆಗೆ ಇನ್ನೊಂದು ತಾಳೆ ಇಟ್ಟುಕೊಂಡಿದ್ದೇನೆ. ಡಿಸ್ಕನ್ನು ‘ಸೇಫ್ಲಿ ರಿಮೂವ್’ ಕೊಟ್ಟು ತೆಗೆದು, ಮತ್ತೆ ಚುಚ್ಚಿ, ಎಲ್ಲವನ್ನೂ ಮೊದಲಿಂದ ಓದಿಸುತ್ತೇನೆ. ಹೊತ್ತು ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ.

ಕನ್ನಡದಲ್ಲಿ ಹೆಸರಿಡುವವರಿಗೆ ಬರುವ ಒಂದು ತೊಂದರೆ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಫೋಲ್ಡರ್‌ಗಳಿಗೆಲ್ಲ ಕನ್ನಡದ ಹೆಸರೇ. ದೊಡ್ಡಪ್ಪನೂ ದೊಡ್ಡಮ್ಮನೂ ತೆರೆದು ನೋಡಬೇಕಲ್ಲ. ‘ಕೊಡಗು’ ಅಂತ ಒಂದು ಫೋಲ್ಡರ್ ಇದೆ ಅಂದುಕೊಳ್ಳಿ. ಮೊದಲ ಅಕ್ಷರ ನೋಡಿ, ‘ಕೊ’. ಈ ಒತ್ವವನ್ನು, ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು. ಎತ್ವ ಮತ್ತು ಊ ಕಾರದ ಕೊಂಬು ಎರಡನ್ನೂ ಒಂದರ ಪಕ್ಕ ಒಂದು ಇಟ್ಟೂ ಬರೆಯಬಹುದು. ಸ್ಕ್ರೀನ್ ಮೇಲೆ ಎರಡೂ ಒಂದೇ. ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಒಳಗೆ ಒಂದರಲ್ಲಿ 5 ಸಂಕೇತ, ಇನ್ನೊಂದರಲ್ಲಿ 6. ವಿಂಡೋಸ್‌ಗೂ ಲಿನಕ್ಸ್‌ಗೂ ಇವು ಎರಡು ಬೇರೆ ಬೇರೆ ಫೋಲ್ಡರ್. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಟ್ಟುಕೊಳ್ಳುತ್ತವೆ. ಬೆಂಗಳೂರಿನಲ್ಲಿ ಮ್ಯಾಕ್ ಇಟ್ಟುಕೊಂಡಿರುವ ನೆಂಟರೊಬ್ಬರು ಅಂಥ ಡಿಸ್ಕ್‌ನಲ್ಲಿ ಫೋಟೋ ತಂದುಕೊಟ್ಟರೆ, ಕಾಪಿ ಆದ ಮೇಲೆ ‘ಕೊಡಗು’ ಅಂತ ಎರಡು ಫೋಲ್ಡರ್ ಅಕ್ಕಪಕ್ಕ ಕೂರುತ್ತವೆ. ಒಂದರಲ್ಲಿ ಅರ್ಧ ಫೋಟೋ, ಇನ್ನೊಂದರಲ್ಲಿ ಉಳಿದರ್ಧ. ನೋಡಿದವರು ಕಂಪ್ಯೂಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

‘ಒ’ ಒಂದೇ ಅಲ್ಲ. ದೀರ್ಘದ ‘ಕೀ’, ‘ಕೇ’, ‘ಕೋ’, ಹಾಗೇ ‘ಕೈ’ ಇವಕ್ಕೆಲ್ಲ ಇದೇ ಎರಡು ರೂಪ. ಕನ್ನಡದ ಯಾವ ಹೆಸರಿನಲ್ಲಿ ಇವುಗಳಲ್ಲಿ ಒಂದೂ ಇರುವುದಿಲ್ಲ ಹೇಳಿ? ಮಡಿಕೇರಿ, ಕುಶಾಲನಗರ, ಸೋಮವಾರಪೇಟೆ, ಗೋಣಿಕೊಪ್ಪ, ವಿರಾಜಪೇಟೆ. ಇವುಗಳಲ್ಲಿ ಕುಶಾಲನಗರ ಒಂದೇ ಪಾರಾಗುವುದು. ಇದಕ್ಕೆ ಪೈಥಾನ್‌ನ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನಲ್ಲಿ ‘ನಾರ್ಮಲೈಸ್’ ಅನ್ನುವ ಫಂಕ್ಷನ್ ಇದೆ. ‘ಎನ್‌ಎಫ್‌ಸಿ’ ಅಂತ ಹೇಳಿದರೆ ಎಲ್ಲ ಹೆಸರನ್ನೂ ಕೂಡಿಸಿದ ರೂಪಕ್ಕೆ ತರುತ್ತದೆ. ಕಾಪಿಗೆ ಮುಂಚೆ ಎಲ್ಲ ಹೆಸರುಗಳನ್ನೂ ಇದರ ಮೂಲಕ ಹಾಯಿಸಿ, ಒಂದೇ ರೂಪಕ್ಕೆ ಬಂದು ಡಿಕ್ಕಿ ಹೊಡೆಯುವ ಹೆಸರುಗಳಿವೆಯಾ ಅಂತ ನೋಡಿಕೊಳ್ಳುವುದು ಒಳ್ಳೆಯದು. ಪದದ ಕೊನೆಯಲ್ಲಿ ಕೂರುವ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಯನ್ನು ಮಾತ್ರ ಇದು ತೆಗೆಯುವುದಿಲ್ಲ. ಅದನ್ನು ಬೇರೆಯಾಗಿ ಹುಡುಕಬೇಕು.

ಹೆಸರಿನ ಉದ್ದವೂ ಒಂದು ಸಮಸ್ಯೆ. ನಮ್ಮವರು ಫೋಟೋಗೆ ಹೆಸರಿಡುವಾಗ ಇಡೀ ಕತೆಯನ್ನೇ ಬರೆಯುತ್ತಾರೆ. ‘ಹುತ್ತರಿ ದಿನ ಗದ್ದೆಯಲ್ಲಿ ಕದಿರು ತೆಗೆಯುವಾಗ ಅಜ್ಜ, ದೊಡ್ಡಪ್ಪ, ಎಡಗಡೆ ನಿಂತಿರುವವರು ಭಾಗಮಂಡಲದ ಮಾವ’ ಅನ್ನುವ ಹಾಗೆ. ನನಗೆ ಇದು ತುಂಬ ಇಷ್ಟ. ಇನ್ನು ಕೆಲವು ವರ್ಷಕ್ಕೆ ಎಡಗಡೆ ನಿಂತವರು ಯಾರು ಅಂತ ಹೇಳಲು ಆ ಹೆಸರೊಂದೇ ಉಳಿಯಬಹುದು. ಆದರೆ ಲಿನಕ್ಸ್‌ನವರು ಡಿಸ್ಕ್‌ಗೆ ಬಳಸುವ ಎಕ್ಸ್ಟ್4 ಪದ್ಧತಿಯಲ್ಲಿ ಒಂದು ಹೆಸರಿಗೆ ಇರುವ ಜಾಗ 255 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 85 ಸಂಕೇತ ಆಗುವಷ್ಟರಲ್ಲಿ ಜಾಗ ಖಾಲಿ. ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಈ 85 ಬೇಗ ಮುಗಿಯುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಅದನ್ನು ಮೀರಿದ ಹೆಸರೂ ಆರಾಮವಾಗಿ ಹಿಡಿಸುತ್ತದೆ, ಅಲ್ಲಿ 255 ಸಂಕೇತಗಳಿಗೇ ಜಾಗ ಇದೆ. ಹೀಗಾಗಿ ವಿಂಡೋಸ್‌ನಿಂದ ಲಿನಕ್ಸ್ ಡಿಸ್ಕ್‌ಗೆ ಕಾಪಿ ಮಾಡುವಾಗ, ಅತಿ ಹೆಚ್ಚು ವಿವರ ಬರೆದ ಫೋಟೋಗಳೇ ಹಿಂದೆ ಉಳಿಯುತ್ತವೆ. ನನ್ನ ಸ್ಕ್ರಿಪ್ಟ್ ಹೆಸರನ್ನು ತಾನಾಗಿ ಕತ್ತರಿಸುವುದಿಲ್ಲ. ಉದ್ದವಾದ ಹೆಸರುಗಳ ಪಟ್ಟಿ ಮೊದಲೇ ಕೊಡುತ್ತದೆ. ಪೂರ್ತಿ ವಿವರವನ್ನು ಅದೇ ಫೋಲ್ಡರಿನಲ್ಲಿ ಒಂದು ಟೆಕ್ಸ್ಟ್ ಫೈಲಿಗೆ ಬರೆದಿಟ್ಟು, ಹೆಸರನ್ನು ಕೈಯಾರೆ ಚಿಕ್ಕದು ಮಾಡುತ್ತೇನೆ. ಯಾವ ಮಾತು ಉಳಿಯಬೇಕು ಅನ್ನುವುದನ್ನು ಮೆಷಿನ್ ತೀರ್ಮಾನಿಸಬಾರದು.

‘ಮಿರರ್’ ಮಾಡುವ ಆಯ್ಕೆಯನ್ನು ನಾನು ಬಳಸುವುದಿಲ್ಲ. ವಿಂಡೋಸ್‌ನ ಕಾಪಿ ಸಾಧನ ರೋಬೋಕಾಪಿಯಲ್ಲಿ ಅದು ‘ಎಂಐಆರ್’. ಮೂಲದಲ್ಲಿ ಇಲ್ಲದ್ದನ್ನು ಆ ಕಡೆಯಿಂದಲೂ ಅಳಿಸುತ್ತದೆ. ಯಾರೋ ಮೂಲದಲ್ಲಿ ತಿಳಿಯದೆ ಒಂದು ಫೋಲ್ಡರ್ ಅಳಿಸಿದರೆ, ಮುಂದಿನ ಸಲ ಕಾಪಿಯಲ್ಲೂ ಅದು ಹೋಗುತ್ತದೆ. ಹಳೆಯ ಫೋಟೋಗಳಿಗೆ ಅದು ಬೇಡ. ಡಿಸ್ಕ್ ತುಂಬಿದರೆ ಇನ್ನೊಂದು ಕೊಳ್ಳೋಣ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಅನ್ನುವುದು ಫೋಟೋಗ್ರಾಫರ್‌ಗಳಲ್ಲಿ ಬಳಕೆಯಲ್ಲಿರುವ ನಿಯಮ. 2018 ಆದ ಮೇಲೆ ನಮಗೆ ಅದರಲ್ಲಿನ ಮೂರನೇ ಮಾತು ಎಲ್ಲಕ್ಕಿಂತ ಮುಖ್ಯ. ಅದೇ ಗುಡ್ಡದ ಮೇಲಿನ ಇನ್ನೊಂದು ಮನೆ ಬೇರೆ ಊರು ಆಗುವುದಿಲ್ಲ. ನಮ್ಮ ಒಂದು ಡಿಸ್ಕ್ ಮೈಸೂರಿನಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿದೆ. ಯಾರಾದರೂ ಆ ಕಡೆ ಹೋಗುವವರಿದ್ದರೆ ಹೊಸದು ಕೊಟ್ಟು ಕಳಿಸುತ್ತೇನೆ, ಹಳೆಯದು ಅವರ ಜೊತೆ ವಾಪಸ್ ಬರುತ್ತದೆ.

ಮೈಸೂರಿನ ಆ ತಂಗಿಗೆ ಪೈಥಾನ್ ಬರುವುದಿಲ್ಲ, ಬರಬೇಕಾಗೂ ಇಲ್ಲ. ಡಿಸ್ಕ್‌ನಲ್ಲೇ ಶಾ256 ಗುರುತುಗಳ ಪಟ್ಟಿ ಇಟ್ಟಿದ್ದೇನೆ. ಅವಳ ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಿ ಒಂದು ಐಕಾನ್. ಎರಡು ಸಲ ಒತ್ತಿದರೆ ಡಿಸ್ಕ್‌ನ ಎಲ್ಲ ಫೈಲನ್ನೂ ಓದಿ ಪಟ್ಟಿಯ ಜೊತೆ ತಾಳೆ ನೋಡುತ್ತದೆ. ಉತ್ತರವನ್ನು ಆಜ್ಞೆ ಬರೆಯುವ ಕಪ್ಪು ಕಿಟಕಿಯಲ್ಲಿ ತೋರಿಸುವುದಿಲ್ಲ, ಅಲ್ಲಿ ಕನ್ನಡ ಎಷ್ಟೋ ಸಲ ಬರೀ ಚೌಕವಾಗಿ ಕಾಣುತ್ತದೆ. ಒಂದು ಟೆಕ್ಸ್ಟ್ ಫೈಲಿಗೆ ಬರೆದು ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದೆ. ಬರೆಯುವಾಗ ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ ‘ಯುಟಿಎಫ್8’ ಅಂತ ಹೇಳಲೇಬೇಕು, ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಪೈಥಾನ್ ಕನ್ನಡ ಅಕ್ಷರ ಕಂಡ ಕೂಡಲೇ ಎರರ್ ಕೊಟ್ಟು ನಿಲ್ಲಬಹುದು. ಎಲ್ಲ ಸರಿ ಇದ್ದರೆ ಒಂದೇ ಸಾಲು ಬರುತ್ತದೆ. ಇಲ್ಲದಿದ್ದರೆ ಕೆಟ್ಟ ಫೈಲಿನ ಹೆಸರು, ಅದು ಇರುವ ಫೋಲ್ಡರ್. ಅವಳು ಫೋನ್ ಮಾಡಿ, ‘ಅಣ್ಣಾ, ಎಡಗಡೆ ನಿಂತಿರುವ ಭಾಗಮಂಡಲದ ಮಾವ ಇಲ್ಲ ಅಂತಿದೆ’ ಅಂತ ಓದಿ ಹೇಳಿದರೆ ಸಾಕು. ಅದೊಂದನ್ನು ಇಲ್ಲಿಂದ ಮತ್ತೆ ಕಳಿಸುತ್ತೇನೆ.